ಎಸಿಪಿ ಶೀಟಿನ ಪಿಸಿ ಕ್ಯಾಬಿನೆಟ್: ಹಾಸನದಲ್ಲಿ ಶಾಕ್ ಹೊಡೆದದ್ದು ಹೇಗೆ, ನಿಮ್ಮದನ್ನು ಪರೀಕ್ಷಿಸುವುದು ಹೇಗೆ

ನಾಮಫಲಕ ಮಾಡುವ ಬೋರ್ಡು ಅಂಗಡಿಯ ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್) ಶೀಟಿನಲ್ಲಿ ಪುಟ್ಟ ಪಿಸಿ ಕ್ಯಾಬಿನೆಟ್ ಮಾಡಿ, ಅದರೊಳಗೆ 230 ವೋಲ್ಟಿನ ವೈರು ಎಳೆದಿದ್ದರೆ ಮೊದಲು ಪ್ಲಗ್ ಕೀಳಿ, ಆಮೇಲೆ ಇದನ್ನು ಓದಿ.

ಹಾಸನದಲ್ಲಿ ಒಬ್ಬ ಹುಡುಗ ಮನೆಯಲ್ಲೇ ಕಟ್ಟಿಕೊಂಡಿದ್ದ ಹತ್ತು ಲೀಟರಿಗೂ ಕಡಿಮೆ ಗಾತ್ರದ ಕ್ಯಾಬಿನೆಟ್ ಮಳೆಗಾಲ ಶುರುವಾಗುತ್ತಿದ್ದಂತೆ ಅವನಿಗೆ ಶಾಕ್ ಹೊಡೆಯಿತು. ಬರಿಗಾಲು, ತೇವ ಹಿಡಿದ ರೆಡ್ ಆಕ್ಸೈಡ್ ನೆಲ. ಪೆನ್ ಡ್ರೈವ್ ಚುಚ್ಚಲು ಹೋದ ಕೈ ಮೂಲೆಯ ಸ್ಕ್ರೂ ತಲೆಗೆ ತಾಗಿತ್ತು. ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್, ಹಾಕಿಸಿದ್ದರು. ಅದು ಬಿದ್ದು ಕರೆಂಟ್ ಹೋಯಿತು, ಹುಡುಗ ಬಚಾವಾದ. ಬೇಸಿಗೆಯಿಡೀ ಚಪ್ಪಲಿ ಮೆಟ್ಟಿಕೊಂಡು, ಒಣ ನೆಲದ ಮೇಲೆ ಅದೇ ಪೆಟ್ಟಿಗೆಯಲ್ಲಿ ಆರಾಮಾಗಿ ಗೇಮ್ ಆಡಿದ್ದಾನೆ.

ಬಿಚ್ಚಿ ನೋಡಿದರೆ ಕೆಲಸವೇನೂ ಒರಟಾಗಿರಲಿಲ್ಲ. 170 ಮಿ.ಮೀ. ಚೌಕದ ಮಿನಿ ಐಟಿಎಕ್ಸ್ ಮದರ್‌ಬೋರ್ಡು, ಎಸ್‌ಎಫ್‌ಎಕ್ಸ್ ಎಂಬ ಪುಟ್ಟ ಅಳತೆಯ ಪವರ್ ಸಪ್ಲೈ, ಸ್ಲಾಟನ್ನು ದೂರಕ್ಕೆ ಎಳೆಯುವ ರೈಸರ್ ಕೇಬಲ್ಲಿನ ಮೂಲಕ ಎರಡು ಸ್ಲಾಟಿನ ಗ್ರಾಫಿಕ್ಸ್ ಕಾರ್ಡು. ನಡುವೆ ಒಂದು ಅಡ್ಡಹಲಗೆ, ಅದರ ಒಂದು ಬದಿಗೆ ಬೋರ್ಡು, ಇನ್ನೊಂದು ಬದಿಗೆ ಕಾರ್ಡು. ಪವರ್ ಸಪ್ಲೈ ಮುಂದುಗಡೆ ಕೂತಿದ್ದರಿಂದ ಹಿಂದಿನ ಪ್ಯಾನೆಲ್ಲಿನಲ್ಲೊಂದು ಸಾಕೆಟ್ ಇಟ್ಟು, ಅಲ್ಲಿಂದ ಒಳಗೊಳಗೇ ಮೂರು ವೈರು ಎಳೆದು, ಅಡ್ಡಹಲಗೆಯ ಸೀಳಿನಲ್ಲಿ ತೂರಿಸಿದ್ದರು. ಅಡ್ಡಹಲಗೆಯೂ ಸೇರಿ ಎಲ್ಲವೂ 3 ಮಿ.ಮೀ. ಎಸಿಪಿ.

ಮೊದಲ ಎಡವಟ್ಟು ಈ ಎಸಿಪಿಯನ್ನು ಅಲ್ಯೂಮಿನಿಯಂ ಎಂದುಕೊಳ್ಳುವುದು. ಬೋರ್ಡು ಅಂಗಡಿಯ 3 ಮಿ.ಮೀ. ಶೀಟಿನಲ್ಲಿ ಆಚೀಚೆ ಸುಮಾರು ಕಾಲು ಮಿಲಿಮೀಟರಿನ ಎರಡು ತೆಳು ತಗಡು, ನಡುವೆ ಪಾಲಿಥೀನ್. ಹೊರಮೈಗೆ ಬಣ್ಣ. ಅಂದರೆ ಎರಡು ತಗಡುಗಳಿಗೆ ಪರಸ್ಪರ ವಿದ್ಯುತ್ ಸಂಪರ್ಕವೇ ಇಲ್ಲ, ಬಣ್ಣದ ಮೇಲೆ ಸ್ಕ್ರೂ ಬಿಗಿದರೆ ಅದೂ ಭರವಸೆಯ ಸಂಪರ್ಕವಲ್ಲ. ಇನ್ನು ಕೊರೆದ ಅಂಚು: ಕಾಲು ಮಿಲಿಮೀಟರ್ ತಗಡಿನ ಅಂಚು ಬ್ಲೇಡೇ ಸರಿ. ಸೀಳಿನ ಅಂಚು ಮುಚ್ಚುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್, ಹಾಕಿರಲಿಲ್ಲ. ಫ್ಯಾನಿನ ಸಣ್ಣ ಅದುರಾಟಕ್ಕೆ ಫೇಸ್ ವೈರಿನ ಇನ್ಸುಲೇಷನ್ ಅಲ್ಲೇ ಉಜ್ಜಿ ಉಜ್ಜಿ ಕತ್ತರಿಸಿ, ತಾಮ್ರ ತಗಡಿಗೆ ತಾಗಿತ್ತು. ತಗಡಿನಿಂದ ರಿವಿಟ್ಟಿಗೆ, ರಿವಿಟ್ಟಿನಿಂದ ಎಲ್ ಪಟ್ಟಿಗೆ, ಪಟ್ಟಿಯಿಂದ ಹೊರಗಿನ ಸ್ಕ್ರೂ ತಲೆಗೆ 230 ವೋಲ್ಟ್ ಬಂದಿತ್ತು.

ಅಂಗಡಿಯ ಉಕ್ಕಿನ ಕ್ಯಾಬಿನೆಟ್ಟಿನಲ್ಲಿ ಇದೇ ಆಗಿದ್ದರೆ, ಮನೆಯ ಅರ್ಥ್ ಸರಿಯಿದ್ದಲ್ಲಿ, ಆ ಕ್ಷಣವೇ ಆರ್‌ಸಿಸಿಬಿಯೋ ಎಂಸಿಬಿಯೋ ಬೀಳುತ್ತಿತ್ತು. ಅಲ್ಲಿ ಪೆಟ್ಟಿಗೆಗೆ ಅರ್ಥಿಂಗ್ ನಾಲ್ಕು ದಾರಿಯಲ್ಲಿ ಬಂದಿರುತ್ತದೆ: ಪವರ್ ಸಪ್ಲೈಯ ಲೋಹದ ಮೈ, ಮದರ್‌ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಪುಟ್ಟ ಕಂಬ (ಸ್ಟ್ಯಾಂಡಾಫ್), ಗ್ರಾಫಿಕ್ಸ್ ಕಾರ್ಡಿನ ಬ್ರಾಕೆಟ್, ಹಿಂದಿನ ಪೋರ್ಟುಗಳ ಸುತ್ತಲಿನ ಲೋಹದ ತಟ್ಟೆ (ಐಒ ಶೀಲ್ಡ್). ಈ ಪೆಟ್ಟಿಗೆಯಲ್ಲಿ ನಾಲ್ಕೂ ಮುಚ್ಚಿಹೋಗಿದ್ದವು, ಅದೂ ಒಂದೊಂದಕ್ಕೂ ಒಳ್ಳೆಯ ಕಾರಣವಿಟ್ಟುಕೊಂಡು. ಪವರ್ ಸಪ್ಲೈಯನ್ನೂ ಕಾರ್ಡಿನ ಬ್ರಾಕೆಟ್ಟನ್ನೂ ತ್ರೀಡಿ ಪ್ರಿಂಟ್ ಮಾಡಿಸಿದ ಪಿಎಲ್‌ಎ ಪ್ಲಾಸ್ಟಿಕ್ ತುಂಡುಗಳಿಗೆ ಬಿಗಿದಿದ್ದರು. ಬೋರ್ಡು ಶಾರ್ಟ್ ಆಗಬಾರದೆಂದು ನೈಲಾನ್ ಸ್ಟ್ಯಾಂಡಾಫ್ ಹಾಕಿದ್ದರು. ಐಒ ಶೀಲ್ಡ್ ಕೂರಲೇ ಇಲ್ಲವೆಂದು ತೆಗೆದಿಟ್ಟಿದ್ದರು. ಪವರ್ ಸಪ್ಲೈಯ ಮೈಗೆ ಅರ್ಥ್ ಸರಿಯಾಗಿಯೇ ಬಂದಿತ್ತು, ಅಲ್ಲಿಂದಾಚೆ ಒಂದಿಂಚೂ ಹೋಗಿರಲಿಲ್ಲ. ಪವರ್ ಸಪ್ಲೈಯೊಳಗಿನ ಫ್ಯೂಸ್ ಕಾಪಾಡುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ವೈರು ಗಾಯಗೊಂಡದ್ದು ಫ್ಯೂಸಿಗಿಂತ ಮೊದಲು, ಅದರ ಪಾಲಿಗೆ ಏನೂ ಆಗಿಯೇ ಇಲ್ಲ.

ಐಒ ಶೀಲ್ಡ್ ಯಾಕೆ ಕೂರಲಿಲ್ಲ ಎಂಬುದೂ ಗಮನಿಸಬೇಕಾದ್ದೇ. ಅದರ ಕಿಂಡಿ 158.75 × 44.45 ಮಿ.ಮೀ., ಮೂಲೆಗಳು ಚೌಕವಾಗಿರಬೇಕು. ಬೋರ್ಡು ಅಂಗಡಿಯ ಸಿಎನ್‌ಸಿ ರೌಟರ್, ಅಂದರೆ ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ, ಸುತ್ತುವ ಬಿಟ್ಟಿನಲ್ಲಿ ಕೊರೆಯುತ್ತದೆ. 3.175 ಮಿ.ಮೀ. ಬಿಟ್ ಆದರೆ ಒಳಮೂಲೆಯಲ್ಲಿ ಸುಮಾರು 1.6 ಮಿ.ಮೀ. ದುಂಡು ಉಳಿದೇ ಉಳಿಯುತ್ತದೆ. ಚಪ್ಪಟೆ ಅರ ಹಿಡಿದು ಹತ್ತು ನಿಮಿಷ ಉಜ್ಜಿದರೆ ಮುಗಿಯುವ ಕೆಲಸ.

ಎಸಿಪಿಯ ಇನ್ನೊಂದು ಗುಣ ನಿಧಾನಕ್ಕೆ ಕಾಣಿಸಿಕೊಳ್ಳುತ್ತದೆ. ಪಾಲಿಥೀನ್ ಒತ್ತಡಕ್ಕೆ ಮೆಲ್ಲಗೆ ಆಚೀಚೆ ಸರಿದು ತೆಳುವಾಗುವ ವಸ್ತು, ಬಿಸಿಯಾದರಂತೂ ಇನ್ನೂ ಬೇಗ. ಇವತ್ತು ಬಿಗಿದ ಬೋಲ್ಟು ಕೆಲವು ತಿಂಗಳಲ್ಲಿ ತಾನೇ ಸಡಿಲ. ರಿವಿಟ್ ನಟ್ ಹಾಕಿದರೆ ಅದು ತೂತಿನಲ್ಲೇ ಗಿರಗಿರ ತಿರುಗುತ್ತದೆ. ಇದೇ ಪೆಟ್ಟಿಗೆಯಲ್ಲಿ ಕಾರ್ಡು ಜೋತುಬಿದ್ದು ರೈಸರ್ ಸ್ಲಾಟ್ ಓರೆಯಾಗಿತ್ತು, ಆಟದ ನಡುವೆ ಪರದೆ ಕಪ್ಪಾಗುತ್ತಿದ್ದುದಕ್ಕೆ ಅದೇ ಕಾರಣ. ಪಿಎಲ್‌ಎಯೂ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಕಾರ್ಡಿನ ಬಿಸಿಗಾಳಿ ಬಡಿಯುವ ಕಡೆ ಅದಕ್ಕೆ ಜಾಗವಿಲ್ಲ. ಇನ್ನು ಬೆಂಕಿ: 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ 72 ಜನ ಸತ್ತಾಗ ಗೋಡೆಯ ಹೊರಗೆ ಬೆಂಕಿ ಹಬ್ಬಿಸಿದ್ದು ಪಾಲಿಥೀನ್ ನಡುಪದರದ ಇಂಥದೇ ಹಾಳೆ. ಬೋರ್ಡು ಅಂಗಡಿಯಲ್ಲಿ ಉಳಿದ ತುಂಡು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಆ ಜಾತಿಯದೇ, ಬೆಂಕಿ ತಡೆಯುವ ದರ್ಜೆಯದಲ್ಲ. ಅಂದಹಾಗೆ ಸನ್ ಬೋರ್ಡಿನಲ್ಲಿ ಮಾಡುತ್ತೇನೆ ಎನ್ನುವವರು ಅದನ್ನು ಲೇಸರ್ ಯಂತ್ರಕ್ಕೆ ಕೊಡಬೇಡಿ. ಅದು ಪಿವಿಸಿ, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ಚಿಕ್ಕಮಗಳೂರು ಕಡೆ ತೋಟದ ಸಿಲ್ವರ್ ಓಕ್ ಹಲಗೆಯಲ್ಲಿ ಚೆಂದದ ಪೆಟ್ಟಿಗೆ ಮಾಡುವವರಿದ್ದಾರೆ. ಮರ ಉಬ್ಬುವುದು ಬೇರೆ ತಲೆನೋವು, ಅರ್ಥಿಂಗ್ ವಿಚಾರ ಮಾತ್ರ ಅಲ್ಲಿಯೂ ಇದೇ.

ಹಾಗಾದರೆ ಎಸಿಪಿ ಬೇಡವೇ ಬೇಡವೆ? ಹೊರಗಿನ ಅಲಂಕಾರಕ್ಕೆ ಇರಲಿ, ಭಾರ ಹೊರಲು ಮತ್ತು 230 ವೋಲ್ಟಿನ ಹತ್ತಿರ ಬೇಡ. ಅಡ್ಡಹಲಗೆಯೂ ಹಿಂದಿನ ಪ್ಯಾನೆಲ್ಲೂ ಗಟ್ಟಿ ಲೋಹದ್ದಾಗಿರಲಿ: 1.5 ಮಿ.ಮೀ. ಅಲ್ಯೂಮಿನಿಯಂ ಅಥವಾ 1 ಮಿ.ಮೀ. ಜಿಐ ತಗಡು. ಬಗ್ಗಿಸುವುದಿದ್ದರೆ 5052 ಅಲ್ಯೂಮಿನಿಯಂ ಕೇಳಿ, 6061 ಟಿ6 ಚೂಪಾಗಿ ಬಗ್ಗಿಸಿದರೆ ಬಿರಿಯುತ್ತದೆ. ಬಗ್ಗಿಸುವ ಯಂತ್ರ ಸಿಗದಿದ್ದರೆ ಕಿಟಕಿ ಮಾಡುವ ಅಲ್ಯೂಮಿನಿಯಂ ಅಂಗಡಿಯ ಎಲ್ ಆಂಗಲ್ ತಂದು ಚೌಕಟ್ಟು ಕಟ್ಟಿ. 1.5 ಮಿ.ಮೀ. ತಗಡಿನಲ್ಲಿ ಎಂ3 ಥ್ರೆಡ್ಡಿಗೆ ಮೂರೇ ಸುತ್ತು, ಪಿಸಿಯ ದಪ್ಪ ಸ್ಕ್ರೂ 6-32ಕ್ಕೆ ಎರಡೂ ಸರಿಯಾಗಿ ಸಿಗದು. ಆದ್ದರಿಂದ ಹಿತ್ತಾಳೆ ಸ್ಟ್ಯಾಂಡಾಫಿಗೆ ಹಿಂದಿನಿಂದ ನಟ್ಟು ಕೊಡಿ. ಎತ್ತರ 6.35 ಮಿ.ಮೀ.ಗಿಂತ ಕಡಿಮೆ ಬೇಡ. ಬೋರ್ಡಿನ ನಾಲ್ಕು ತೂತುಗಳನ್ನು ಆಯತವೆಂದು ಕೊರೆಯಬೇಡಿ. ಅಗಲ 157.48, ಉದ್ದ 154.94 ಮಿ.ಮೀ. ನಿಜ, ಆದರೆ ಹಿಂಬದಿಯ ಎರಡರಲ್ಲಿ ಒಂದು 22.86 ಮಿ.ಮೀ. ಒಳಕ್ಕಿದೆ. ಫೈಲು ಅಂಗಡಿಯ ಕೋರೆಲ್ ಡ್ರಾನಲ್ಲಿ ತೆರೆದಾಗ ಅಳತೆ ಬದಲಾಗಿರಬಹುದು, ಬೋರ್ಡಿನ 170 ಮಿ.ಮೀ. ಅಂಚನ್ನು ಅಲ್ಲೇ ಅಳೆಸಿ ನೋಡಿ.

ಎಲ್ಲಕ್ಕಿಂತ ಒಳ್ಳೆಯ ಉಪಾಯ ಪವರ್ ಸಪ್ಲೈಯನ್ನೇ ಹಿಂದಿನ ಪ್ಯಾನೆಲ್ಲಿಗೆ ನೇರ ಬಿಗಿದು, ಅದರ ಸ್ವಂತ ಸಾಕೆಟ್ ಹೊರಗೆ ಕಾಣುವಂತೆ ಕೂರಿಸುವುದು. ಒಳವೈರಿನ ಪ್ರಶ್ನೆಯೇ ಬರುವುದಿಲ್ಲ. ಎಸ್‌ಎಫ್‌ಎಕ್ಸ್ ಅಳತೆ 125 × 100 × 63.5 ಮಿ.ಮೀ., ಸ್ವಲ್ಪ ಉದ್ದ ಹೆಚ್ಚಾದರೂ ಸರಿ. ಗ್ರಾಫಿಕ್ಸ್ ಕಾರ್ಡೇ ಬೇಡವೆಂದರೆ ಹೊರಗೆ 12 ವೋಲ್ಟಿನ ಅಡಾಪ್ಟರ್ ಇಟ್ಟು ಒಳಗೆ 12 ವೋಲ್ಟಿನಲ್ಲೇ ನಡೆಯುವ ಪುಟ್ಟ ಪಿಕೋ ಪಿಎಸ್‌ಯು ಹಾಕಿದರೆ ಪೆಟ್ಟಿಗೆಗೆ 230 ವೋಲ್ಟ್ ಬರುವುದೇ ಇಲ್ಲ.

ಒಳವೈರು ಎಳೆಯಲೇಬೇಕಾದರೆ ಪ್ರತಿ ತೂತಿಗೂ ಗ್ರಾಮೆಟ್, ವೈರಿಗೆ ಮೇಲೊಂದು ಸ್ಲೀವ್, ಸಾಕೆಟ್ ಹಿಂದಿನ ಪಿನ್ನುಗಳಿಗೆ ಇನ್ಸುಲೇಟೆಡ್ ಕನೆಕ್ಟರ್. ಸಾಕೆಟ್ಟಿನ ಅರ್ಥ್ ಪಿನ್ನಿನಿಂದ ಪವರ್ ಸಪ್ಲೈಗೆ ಹೋಗುವ ವೈರಲ್ಲದೆ, 1.5 ಚದರ ಮಿ.ಮೀ.ನ ಹಸಿರು-ಹಳದಿ ವೈರೊಂದನ್ನು ರಿಂಗ್ ಲಗ್ ಕ್ರಿಂಪ್ ಮಾಡಿ, ಎಂ4 ಬೋಲ್ಟಿನಲ್ಲಿ ಲೋಹದ ಚೌಕಟ್ಟಿಗೆ ಬಿಗಿಯಿರಿ. ಲಗ್ ಕೂರುವ ಜಾಗದ ಬಣ್ಣವನ್ನು ಎಮರಿ ಪೇಪರಿನಿಂದ ಪೂರ್ತಿ ಕೆರೆದು ಸ್ಟಾರ್ ವಾಷರ್ ಹಾಕಿ. ಪೌಡರ್ ಕೋಟಿಂಗೂ ಆನೋಡೈಸಿಂಗೂ ವಿದ್ಯುತ್ ಹರಿಸುವುದಿಲ್ಲ, ಅಲ್ಲಿಯೂ ಕೆರೆಯಲೇಬೇಕು. ಬೇರೆ ಬೇರೆ ಲೋಹದ ಪ್ಯಾನೆಲ್ ಇದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ ವೈರು.

ಪರೀಕ್ಷೆ ಪ್ಲಗ್ ಗೋಡೆಯಿಂದ ಕಿತ್ತ ಮೇಲೆ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿ ಬರುವ ಅಂಕಿ ಬರೆದುಕೊಳ್ಳಿ, ಅದು ಪ್ರೋಬ್ ವೈರಿನದೇ ರೋಧ. ನಂತರ ಒಂದು ಪ್ರೋಬ್ ಪ್ಲಗ್ಗಿನ ದಪ್ಪ ಅರ್ಥ್ ಪಿನ್ನಿಗೆ, ಇನ್ನೊಂದು ಕೈಗೆ ಸಿಗುವ ಪ್ರತಿ ಸ್ಕ್ರೂ ತಲೆಗೂ ಪ್ರತಿ ಪ್ಯಾನೆಲ್ ಅಂಚಿಗೂ. ಮೊದಲಿನ ಅಂಕಿಗಿಂತ ಹೆಚ್ಚೇನೂ ಬರಬಾರದು. ಫೇಸ್, ನ್ಯೂಟ್ರಲ್ ಪಿನ್ನುಗಳಿಂದ ಅದೇ ಸ್ಕ್ರೂಗಳಿಗೆ ಸಂಪರ್ಕವೇ ತೋರಿಸಬಾರದು. ಟೆಸ್ಟರ್ ಚುಚ್ಚಿ ಸಮಾಧಾನಪಡಬೇಡಿ: ಮನೆಯ ಅರ್ಥ್ ಸರಿಯಿಲ್ಲದಿದ್ದರೆ ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರಿನಿಂದಲೂ ಅದು ಮಿಣುಕುತ್ತದೆ, ಮೈಗೆ ಸಣ್ಣಗೆ ಜುಮ್ ಎನ್ನುವುದೂ ಅದರಿಂದಲೇ. ವೈರು ಕತ್ತರಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಟೆಸ್ಟರ್ ಹೇಳುವುದಿಲ್ಲ.

ಗೋಡೆಯ ಸಾಕೆಟ್ಟಿನ ಅರ್ಥ್ ಇದೆಯೇ ಎಂಬುದು ಇನ್ನೊಂದು ಪ್ರಶ್ನೆ. ಸಕಲೇಶಪುರ, ಆಲೂರು ಕಡೆಯ ಹಳೇ ಮನೆಗಳಲ್ಲಿ ಮೂರನೇ ತೂತಿನ ಹಿಂದೆ ವೈರೇ ಇಲ್ಲದ ಸಾಕೆಟ್ ಬೇಕಾದಷ್ಟಿವೆ. ಇಲ್ಲಿ ಮೀಟರನ್ನು ಓಮ್‌ನಿಂದ ಎಸಿ ವೋಲ್ಟಿಗೆ ಬದಲಿಸಿಯೇ ಅಳೆಯಬೇಕು. ಫೇಸ್-ನ್ಯೂಟ್ರಲ್ ನಡುವೆ 230ರ ಆಸುಪಾಸು ಇದ್ದು ಫೇಸ್-ಅರ್ಥ್ ನಡುವೆ ಅಷ್ಟೇ ಬರದಿದ್ದರೆ, ಅಥವಾ ಅಂಕಿ ಅಲೆದಾಡುತ್ತಿದ್ದರೆ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥ್ ಗುಂಡಿ ನೋಡಿಸಿ. ಆರ್‌ಸಿಸಿಬಿ ಇಲ್ಲದಿದ್ದರೆ ಅವರು ಬಂದಾಗಲೇ ಹಾಕಿಸಿ. ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ, ಬೀಳುತ್ತದೆಯೇ ನೋಡಿ.