ಮಡಚುವ ಕ್ಯಾಂಪರ್‌ನ ಮಾಡಿಗೆ ಎ.ಸಿ.: ಮೂರು ಬೇಸಿಗೆಗಳ ಬಳಕೆಯ ನಂತರ

ಕಳೆದ ಏಪ್ರಿಲ್‌ನಲ್ಲಿ ಮರವಂತೆಯ ಹತ್ತಿರ ತಂಗಿದ್ದಾಗ ಎ.ಸಿ.ಯ ನೀರಿಳಿಯುವ ಪೈಪಿನ ಕೆಳಗೆ ಬಕೆಟ್ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಅರ್ಧ ಬಕೆಟ್ ದಾಟಿತ್ತು. ನಾಲ್ವರು ಮಲಗುವ ಆ ಸಣ್ಣ ಗೂಡಿನ ಗಾಳಿಯಿಂದ ಒಂದೇ ರಾತ್ರಿಯಲ್ಲಿ ಹಿಂಡಿ ತೆಗೆದ ನೀರು ಅದು. ನಮ್ಮ ಕರಾವಳಿಯಲ್ಲಿ ಈ ಯಂತ್ರ ಮಾಡುವ ದೊಡ್ಡ ಉಪಕಾರ ಯಾವುದು ಎಂದು ನನಗೆ ಸರಿಯಾಗಿ ಅರ್ಥವಾದದ್ದು ಆ ದಿನ.

ನಮ್ಮದು ಕಾರಿನ ಹಿಂದೆ ಎಳೆದೊಯ್ಯುವ ಕ್ಯಾಂಪರ್, ಅಂದರೆ ಒಳಗೆ ಮಲಗಬಹುದಾದ ಗಾಡಿ. ವಿಂಚ್ (ಕೇಬಲ್ ಸುತ್ತಿ ಭಾರ ಎತ್ತುವ ರಾಟೆ) ತಿರುಗಿಸಿದರೆ ನಾಲ್ಕು ಮೂಲೆಗಳ ಕಂಬಗಳ ಮೇಲೆ ಫೈಬರ್ ಮಾಡು (ಛಾವಣಿ) ಮೇಲೇಳುತ್ತದೆ, ಎರಡೂ ಬದಿಗೆ ಹಾಸಿಗೆಗಳು ಚಾಚಿಕೊಳ್ಳುತ್ತವೆ, ಸುತ್ತಲೂ ಕ್ಯಾನ್ವಾಸ್ ಗೋಡೆ. ಡಿಸೆಂಬರ್‌ನಲ್ಲಿ ಇದರಷ್ಟು ಸುಖ ಬೇರೆ ಇಲ್ಲ. ಮಾರ್ಚ್ ಬಂತೆಂದರೆ ಮಾತ್ರ ಉಡುಪಿಯ ಸೆಕೆ ರಾತ್ರಿಯೂ ಬಿಡುವುದಿಲ್ಲ. ಫ್ಯಾನ್ ಹಾಕಿದರೆ ಅದೇ ಸೆಕೆಯನ್ನು ಅಲ್ಲಿಂದಿಲ್ಲಿಗೆ ತಳ್ಳುತ್ತದೆ. ಅಮ್ಮ ಎರಡು ಬೇಸಿಗೆ ನಮ್ಮೊಂದಿಗೆ ಬರಲೇ ಇಲ್ಲ. ಅವರಿಗಾಗಿಯೇ ಈ ಕೆಲಸಕ್ಕೆ ಕೈ ಹಾಕಿದೆ.

ಎ.ಸಿ. ಆರಿಸುವಾಗ ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಮೆರಿಕದ ಮಾದರಿಗಳು. ಅವು ಅಲ್ಲಿನ 115 ವೋಲ್ಟ್, 60 ಹರ್ಟ್ಸ್ ವಿದ್ಯುತ್ತಿಗೆ ಮಾಡಿದವು. ನಮಗೆ ಬೇಕಾದದ್ದು 230 ವೋಲ್ಟ್, 50 ಹರ್ಟ್ಸ್. ನಾನು ತರಿಸಿದ್ದು 2,200 ವ್ಯಾಟ್ ತಂಪು ಕೊಡುವ ಸಣ್ಣ ಯಂತ್ರ, ಮನೆ ಎ.ಸಿ.ಯ ಲೆಕ್ಕದಲ್ಲಿ ಮುಕ್ಕಾಲು ಟನ್ನಿಗಿಂತ ಕಡಿಮೆ. ತೂಕ ಸುಮಾರು 30 ಕಿಲೋ. 40 ಕಿಲೋ ದಾಟುವ ದೊಡ್ಡವೂ ಸಿಗುತ್ತವೆ, ಆದರೆ ಮೇಲೇಳುವ ಮಾಡಿಗೆ ಪ್ರತಿ ಕಿಲೋವೂ ಭಾರವೇ.

ಕೆಲಸದ ಜೀವಾಳವಿರುವುದು ಯಂತ್ರದಲ್ಲಲ್ಲ, ಮಾಡಿನಲ್ಲಿ. ಮೊದಲು ಕರೆದ ಎ.ಸಿ. ಮೆಕ್ಯಾನಿಕ್ 40 ಸೆಂಟಿಮೀಟರ್ ಚೌಕದ ತೂತು ಕೊರೆದು ಕೂರಿಸಿಬಿಡುತ್ತೇನೆ ಎಂದರು. ನನಗೆ ಧೈರ್ಯ ಸಾಲಲಿಲ್ಲ. ಮಲ್ಪೆಯಲ್ಲಿ ಫೈಬರ್ ದೋಣಿ ದುರಸ್ತಿ ಮಾಡುವ ಹಿರಿಯರೊಬ್ಬರನ್ನು ಕರೆತಂದೆ. ಅವರು ಮಾಡಿನ ಮೇಲೆ ಬಗ್ಗಿ, ಐದು ರೂಪಾಯಿ ನಾಣ್ಯದಿಂದ ಗೇಣು ಗೇಣಿಗೂ ತಟ್ಟುತ್ತಾ ಕಿವಿಗೊಟ್ಟು ಕೇಳಿದರು. ಗಟ್ಟಿ ಸದ್ದು ಬರುತ್ತಿದ್ದದ್ದು ಒಂದೆಡೆ ಟೊಳ್ಳಾಯಿತು. "ಇಲ್ಲಿ ಒಳಗಿನ ಪ್ಲೈವುಡ್ ನೀರು ಕುಡಿದಿದೆ, ಇದನ್ನು ತೆಗೆಯದೆ ಮೇಲೆ ಏನೂ ಇಡಬೇಡಿ ಮಾರಾಯ್ರೇ" ಎಂದರು. ಕೊಳೆತ ಭಾಗ ಕತ್ತರಿಸಿ, ಮರೈನ್ ಪ್ಲೈವುಡ್ ಹಾಕಿ, ತೂತಿನ ಸುತ್ತ ಮರದ ಚೌಕಟ್ಟು ಕಟ್ಟಿದರು. ಕತ್ತರಿಸಿದ ಅಂಚಿಗೆಲ್ಲ ಬ್ರಷ್‌ನಲ್ಲಿ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟು) ಕುಡಿಸಿದರು. ಎರಡು ದಿನ ಒಣಗಲು ಬಿಟ್ಟ ಮೇಲೆಯೇ ಎ.ಸಿ. ಕೂತದ್ದು. ಈವರೆಗೆ ಮೂರು ಮಳೆಗಾಲ ಕಳೆದಿದೆ, ಆ ಅಂಚಿನಿಂದ ಒಂದು ಹನಿ ಒಳಗೆ ಬಂದಿಲ್ಲ.

ಬೋಲ್ಟ್ ಬಿಗಿಯುವಾಗ ಬಲ ತೋರಿಸಬಾರದು. ಎ.ಸಿ.ಗೂ ಮಾಡಿಗೂ ನಡುವೆ ನೀರು ತಡೆಯುವ ಮೆತ್ತನೆಯ ಪಟ್ಟಿ, ಅಂದರೆ ಗ್ಯಾಸ್ಕೆಟ್, ಅರ್ಧದಷ್ಟು ಕುಗ್ಗಿದರೆ ಸಾಕು. ಪೂರ್ತಿ ಚಪ್ಪಟೆಯಾದರೆ ಅದು ಮತ್ತೆ ಉಬ್ಬುವುದಿಲ್ಲ, ಸೋರಿಕೆ ಶುರುವಾಗುತ್ತದೆ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ನಾಲ್ಕೂ ಬೋಲ್ಟ್ ನೋಡಿಕೊಳ್ಳುತ್ತೇನೆ.

ಭಾರ ಹೆಚ್ಚಿದ್ದರಿಂದ ವಿಂಚ್‌ನ ಹಿಡಿ ತಿರುಗಿಸುವುದು ಕಷ್ಟವಾಯಿತು. ಮೊದಲು ಮಗಳೇ ಮಾಡು ಎತ್ತುತ್ತಿದ್ದಳು, ಎ.ಸಿ. ಬಂದ ಮೇಲೆ ಅವಳ ಕೈ ಸೋತಿತು. ಎತ್ತಲು ನೆರವಾಗುವ ಎರಡು ಗ್ಯಾಸ್ ಸ್ಟ್ರಟ್ (ಅನಿಲ ತುಂಬಿದ ಒತ್ತುಕೋಲು) ಹಾಕಿಸಿ, ವಿಂಚ್‌ನ ಹಳೆಯ ಕೇಬಲ್ ಬದಲಿಸಿದ ಮೇಲೆ ಮತ್ತೆ ಅವಳೇ ಎತ್ತುತ್ತಾಳೆ. ಕೇಬಲ್‌ನ ಒಂದು ಎಳೆ ಹರಿದು ಮುಳ್ಳಿನಂತೆ ಎದ್ದಿದ್ದರೂ ಅದನ್ನು ಬಳಸಬೇಡಿ, ಕೆಳಗೆ ಮಲಗುವವರು ನಮ್ಮ ಮಕ್ಕಳು. ಇಂಥ ಬದಲಾವಣೆಗೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದೂ ಅಗತ್ಯ.

ವಿದ್ಯುತ್ತಿನ ವಿಷಯದಲ್ಲಿ ಒಮ್ಮೆ ಅಪಾಯದ ಅಂಚಿಗೆ ಹೋಗಿ ಬಂದೆವು. ಯಂತ್ರ ಓಡುವಾಗ ಎಳೆಯುವುದು ಐದು ಆಂಪಿಯರ್‌ಗಿಂತ ಕಡಿಮೆ, ಆದರೆ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಬೇಕು. ಒಂದು ಹೋಮ್‌ಸ್ಟೇಯಲ್ಲಿ ಕೊಟ್ಟ ತೆಳು ಎಕ್ಸ್‌ಟೆನ್ಷನ್ ವಯರನ್ನು ಸುರುಳಿ ಬಿಡಿಸದೆ ಬಳಸಿದೆ. ಒಂದು ಗಂಟೆಯಲ್ಲಿ ಸುರುಳಿ ಮುಟ್ಟಲಾಗದಷ್ಟು ಬಿಸಿಯಾಗಿ, ಪ್ಲಾಸ್ಟಿಕ್ ಕಮಟು ಹರಡಿತು. ಆಮೇಲೆ 2.5 ಚದರ ಮಿಲಿಮೀಟರ್ ತಾಮ್ರದ ಸ್ವಂತ ವಯರ್, 16 ಆಂಪಿಯರ್ ಪ್ಲಗ್, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್) ಇಲ್ಲದೆ ಎಲ್ಲೂ ಜೋಡಿಸುವುದಿಲ್ಲ. ಅರ್ಥಿಂಗ್ ಇಲ್ಲದ ಕಡೆ ಎ.ಸಿ. ಹಾಕುವುದೇ ಇಲ್ಲ.

ಇನ್ನು ತಂಪಿನ ಮಾತು. ಮಧ್ಯಾಹ್ನ ಹೊರಗೆ 35 ಡಿಗ್ರಿ ಇದ್ದಾಗ ಒಳಗೆ 29ಕ್ಕಿಂತ ಕೆಳಗೆ ಇಳಿದದ್ದನ್ನು ನಾನು ನೋಡಿಲ್ಲ. ಕ್ಯಾನ್ವಾಸ್ ಗೋಡೆಗೆ ಶಾಖ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಹಾಸಿಗೆಗಳ ಮೇಲೆ ಹೊರಗಿನಿಂದ ಬೆಳ್ಳಿ ಬಣ್ಣದ ಶೀಟ್ ಹೊದಿಸಿ, ತೆಂಗಿನ ನೆರಳು ಹುಡುಕಿ ನಿಲ್ಲಿಸಿದರೆ ವ್ಯತ್ಯಾಸ ಕಾಣುತ್ತದೆ. ರಾತ್ರಿ ಮಾತ್ರ ನಿರಾಯಾಸವಾಗಿ 25ಕ್ಕೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ ದಿಂಬು, ಹೊದಿಕೆ ಅಂಟುವುದಿಲ್ಲ. ಹಿಂದೆ ಎರಡು ದಿನ ಮುಚ್ಚಿಟ್ಟು ತೆರೆದರೆ ಮುಗ್ಗಲು ವಾಸನೆ, ಕ್ಯಾನ್ವಾಸ್ ಮಡಿಕೆಯಲ್ಲಿ ಕಪ್ಪು ಬೂಷ್ಟು. ಈಗ ಮಾಡು ಇಳಿಸುವ ಮುನ್ನ ಒಂದು ಗಂಟೆ ಎ.ಸಿ. ಓಡಿಸುತ್ತೇನೆ. ಕ್ಯಾನ್ವಾಸ್ ಹೊಸದರಂತೆಯೇ ಇದೆ.

ನೀರಿನ ಪೈಪು ಕಂಪನಿ ಕೊಟ್ಟದ್ದಲ್ಲ. ಈ ಯಂತ್ರದ ನೀರು ಮಾಡಿನ ಮೇಲೆಯೇ ಚೆಲ್ಲುತ್ತದೆ. ಮೊದಲ ವರ್ಷ ಅದು ಅಂಚಿನಿಂದ ಇಳಿದು ಅಮ್ಮನ ಹಾಸಿಗೆ ಕಡೆಯ ಕ್ಯಾನ್ವಾಸ್ ನೆನೆಸಿತು. ದೋಣಿ ದುರಸ್ತಿಯ ಅದೇ ಹಿರಿಯರು ಮಾಡಿನ ಮೇಲೆ ಬೆರಳೆತ್ತರದ ಫೈಬರ್ ಕಟ್ಟೆ ಕಟ್ಟಿ, ಹಿಂದಿನ ಮೂಲೆಗೆ ಪೈಪು ಇಳಿಸಿಕೊಟ್ಟರು.

ನನ್ನ ದೊಡ್ಡ ದೂರು ಸದ್ದಿನದು. ಸಮುದ್ರದ ಪಕ್ಕ ಮಲಗಿ ಅಲೆಯ ಸದ್ದು ಕೇಳದಿದ್ದರೆ ಅಲ್ಲಿಯವರೆಗೆ ಹೋದದ್ದು ಯಾಕೆ ಎಂದು ಹೆಂಡತಿ ಕೇಳುತ್ತಾಳೆ, ಅದು ನ್ಯಾಯವಾದ ಪ್ರಶ್ನೆ. ಬೆಳಗಿನ ಜಾವ ನಾಲ್ಕಕ್ಕೆ ಆಫ್ ಮಾಡಿ ಕಿಟಕಿಯ ಜಿಪ್ ತೆರೆಯುತ್ತೇವೆ.

ಉಪ್ಪುಗಾಳಿಗೆ ಮೊದಲ ಬಲಿಯಾದದ್ದು ಕವಚದ ಸಾಧಾರಣ ಸ್ಕ್ರೂಗಳು. ಅವನ್ನು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸಿದೆ. ಕಡಲತೀರದಿಂದ ಬಂದೊಡನೆ ವಿದ್ಯುತ್ ತೆಗೆದು, ಕಂಡೆನ್ಸರ್‌ನ ಅಲ್ಯೂಮಿನಿಯಂ ರೆಕ್ಕೆಗಳಿಗೆ ಸಿಹಿನೀರನ್ನು ಮೆಲ್ಲಗೆ ಹಾಯಿಸುತ್ತೇನೆ. ಎರಡನೇ ವರ್ಷ ಕೆಪ್ಯಾಸಿಟರ್ ಕೆಟ್ಟಾಗ ಊರಿನ ಫ್ರಿಜ್ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಬದಲಿಸಿದರು. ಕಂಟ್ರೋಲ್ ಬೋರ್ಡ್ ಮಾತ್ರ ಇಲ್ಲಿ ಸಿಗುವುದಿಲ್ಲ. ಮಾರಿದವರಿಗೆ ಮೂರು ಸಲ ಬರೆದ ಮೇಲೆ ಒಂದು ಬಿಡಿ ಬೋರ್ಡ್ ಕಳುಹಿಸಿದರು. ಅದನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಅಮ್ಮನ ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.