ಹಬ್ಬದ ಕಾಲದ ಮಾರಾಟ ಕಲಿಸುವ ಪಾಠಗಳು: ಹಣ ಕೊಟ್ಟು ಕಲಿತದ್ದು, ಕೊಡದೆ ಕಲಿತದ್ದು

ಕೈಯಿಂದ ಹೊಲಿದ ಬಟ್ಟೆಯ ಚೀಲಗಳನ್ನು ಮಾರುವ ಸಣ್ಣ ಉದ್ಯಮ ನಮ್ಮದು. ಹೊಲಿಗೆಯ ಹೊಣೆ ಅಕ್ಕನದು. ಫೋಟೊ ತೆಗೆಯುವುದು, ಪೋಸ್ಟ್ ಹಾಕುವುದು, ಜಾಹೀರಾತಿಗೆ ಹಣ ಕಟ್ಟುವುದು, ವಿಚಾರಿಸಿದವರಿಗೆ ಉತ್ತರ ಕೊಡುವುದು ನನ್ನ ಪಾಲಿಗೆ ಬಂದಿವೆ. ವರ್ಷದ ಮಾರಾಟದ ಬಹುಪಾಲು ಎರಡೇ ಕಾಲಗಳಲ್ಲಿ ನಡೆದುಹೋಗುತ್ತದೆ: ಜನ ಉಡುಗೊರೆ ಕೊಳ್ಳುವ ಹಬ್ಬದ ದಿನಗಳಲ್ಲಿ ಮತ್ತು ಶಾಲೆಗಳು ತೆರೆಯುವುದಕ್ಕೆ ಮುಂಚಿನ ವಾರಗಳಲ್ಲಿ. ಉಳಿದ ತಿಂಗಳುಗಳಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಸಮಯವಿರುತ್ತದೆ, ಈ ಎರಡು ಕಾಲಗಳಲ್ಲಿ ಇರುವುದಿಲ್ಲ. ಅದಕ್ಕಾಗಿಯೇ ಕಳೆದ ವರ್ಷ, ಸಣ್ಣ ಉದ್ಯಮಿಗಳಿಗೆ ಹಬ್ಬದ ಕಾಲದ ಸೋಷಿಯಲ್ ಮೀಡಿಯಾ ಮಾರ್ಕೆಟಿಂಗ್ ಕಲಿಸುತ್ತೇವೆಂದ 8 ವಾರಗಳ ಆನ್‌ಲೈನ್ ಕೋರ್ಸೊಂದಕ್ಕೆ ಹಣ ಕಟ್ಟಿ ಸೇರಿದೆ. ಅದರ ಪಾಠಗಳಲ್ಲಿ ಕೆಲವು ಕೈಕೊಟ್ಟಾಗ, ಉಚಿತವಾಗಿ ಸಿಗುವ ಪಾಠಗಳನ್ನೂ ಸಾಧನಗಳನ್ನೂ ಒಂದೊಂದಾಗಿ ಹುಡುಕಿ ಕಲಿತೆ. ಕೋರ್ಸಿನ ಹೆಸರು ಇಲ್ಲಿ ಬೇಡ. ಅದರಲ್ಲಿ ಕಂಡ ಕೊರತೆಗಳು ಇಂಥ ಬಹಳಷ್ಟು ಕೋರ್ಸುಗಳಲ್ಲಿ ಇರಬಹುದಾದವು.

ಮೊದಲು ಆ ಕೋರ್ಸಿನ ಒಳ್ಳೆಯ ಭಾಗವನ್ನೇ ಹೇಳುತ್ತೇನೆ, ಏಕೆಂದರೆ ಅದೊಂದು ಪಾಠಕ್ಕೆ ನಾನು ಈಗಲೂ ಋಣಿ. ಎರಡನೆಯ ವಾರದಲ್ಲಿ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸುವುದನ್ನು ಕಲಿಸಿದರು. ಗ್ರಾಹಕರ ಕೈಗೆ ಚೀಲ ತಲುಪಬೇಕಾದ ದಿನವನ್ನು ಕಾಗದದ ಬಲತುದಿಯಲ್ಲಿ ಬರೆದು, ಸಾಗಣೆಗೆ ಬೇಕಾದ ದಿನಗಳು, ಹೊಲಿಗೆಗೆ ಬೇಕಾದ ದಿನಗಳು, ಬಟ್ಟೆ ತರಿಸಲು ಬೇಕಾದ ದಿನಗಳು, ಫೋಟೊ ತೆಗೆದು ಸಿದ್ಧಪಡಿಸಲು ಬೇಕಾದ ದಿನಗಳು ಹೀಗೆ ಎಡಕ್ಕೆ ಸರಿಯುತ್ತಾ ಹೋದರೆ, ಮೊದಲ ಪೋಸ್ಟ್ ಹಾಕಬೇಕಾದ ದಿನ ತಾನಾಗಿಯೇ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಅದು ಹಬ್ಬಕ್ಕೆ 9 ವಾರ ಮೊದಲು ಬಂದಿತು. ಅದಕ್ಕೆ ಹಿಂದಿನ ವರ್ಷ ನಾವು ಶುರು ಮಾಡಿದ್ದು ಹತ್ತು ದಿನ ಮೊದಲು. ಆರ್ಡರ್ ಸ್ವೀಕರಿಸುವ ಕೊನೆಯ ದಿನವನ್ನು ಮುಂಚಿತವಾಗಿ ಪ್ರಕಟಿಸಬೇಕೆಂಬ ಸಲಹೆಯೂ ಅದೇ ಪಾಠದಲ್ಲಿತ್ತು. ಆ ಒಂದು ಪೋಸ್ಟಿನಿಂದ ಕೊನೆಯ ವಾರದ ಬೇಡಿಕೆಯ ಒಂದಷ್ಟು ಭಾಗ ಮೊದಲೇ ಬಂದು ಅಕ್ಕನ ರಾತ್ರಿಗಳು ಉಳಿದವು.

ಕೊರತೆ ಕಂಡದ್ದು ಜಾಹೀರಾತಿನ ಪಾಠಗಳಲ್ಲಿ. ಮರದ ಕಾಂಡದೊಳಗಿನ ಉಂಗುರಗಳನ್ನು ಎಣಿಸಿ ಅದರ ವಯಸ್ಸು ಹೇಳುವಂತೆ, ಇಂಥ ಕೋರ್ಸಿನ ವಯಸ್ಸನ್ನೂ ಒಳಗಿನ ಗುರುತುಗಳಿಂದಲೇ ಹೇಳಬಹುದು. ಜಾಹೀರಾತಿನ ಚಿತ್ರದಲ್ಲಿ ಅಕ್ಷರಗಳು ಶೇಕಡಾ 20ಕ್ಕಿಂತ ಹೆಚ್ಚು ಜಾಗ ಹಿಡಿಯಬಾರದು ಎಂದು ನಮ್ಮ ಕೋರ್ಸ್ ಗಟ್ಟಿಯಾಗಿ ಹೇಳುತ್ತಿತ್ತು. ಫೇಸ್‌ಬುಕ್ ಆ ನಿರ್ಬಂಧವನ್ನು 2020ರ ಸೆಪ್ಟೆಂಬರ್‌ನಲ್ಲೇ ಕೈಬಿಟ್ಟಿದೆ. ವೆಬ್‌ಸೈಟಿಗೆ ಬಂದವರ ಲೆಕ್ಕ ನೋಡುವ ಪಾಠದಲ್ಲಿ ಗೂಗಲ್‌ನ ಹಳೆಯ ಯೂನಿವರ್ಸಲ್ ಅನಾಲಿಟಿಕ್ಸ್‌ನ ಪರದೆಯೇ ಇತ್ತು. ಅದು 2023ರ ಜುಲೈ 1ರಿಂದ ಹೊಸ ಲೆಕ್ಕ ಇಡುವುದನ್ನೇ ನಿಲ್ಲಿಸಿ, ಅದರ ಜಾಗಕ್ಕೆ ಗೂಗಲ್ ಅನಾಲಿಟಿಕ್ಸ್ 4 (ಜಿಎ4) ಬಂದಾಗಿತ್ತು. ಇವು ಸಣ್ಣ ತಪ್ಪುಗಳೆಂದು ಬಿಡಬಹುದಾಗಿತ್ತು. ಮೂರನೆಯದು ಸಣ್ಣದಾಗಿರಲಿಲ್ಲ. ಜಾಹೀರಾತನ್ನು ಒತ್ತಿದವರು 28 ದಿನಗಳೊಳಗೆ ಕೊಂಡರೆ ಆ ಮಾರಾಟ ಜಾಹೀರಾತಿನ ಖಾತೆಗೆ ಸೇರುತ್ತದೆ ಎಂದು ಕೋರ್ಸ್ ಕಲಿಸಿತ್ತು. ಆಪಲ್ ತನ್ನ ಫೋನುಗಳಲ್ಲಿ ಗ್ರಾಹಕರ ಜಾಡು ಹಿಡಿಯಲು ಅವರ ಒಪ್ಪಿಗೆ ಕೇಳಲೇಬೇಕೆಂಬ ನಿಯಮವನ್ನು 2021ರಲ್ಲಿ ಜಾರಿಗೆ ತಂದಿತು. ಅದಕ್ಕೆ ಹೊಂದಿಕೊಳ್ಳುತ್ತಾ ಫೇಸ್‌ಬುಕ್ ಅದೇ ವರ್ಷ ಈ ಅವಧಿಯನ್ನು, ಬೇರೆ ಆಯ್ಕೆ ಮಾಡದಿದ್ದಲ್ಲಿ, ಒತ್ತಿದ ನಂತರದ 7 ದಿನ ಮತ್ತು ನೋಡಿದ ನಂತರದ 1 ದಿನಕ್ಕೆ ಇಳಿಸಿತು.

ಹಬ್ಬದ ಮಾರಾಟಕ್ಕೆ ಇದರ ಪೆಟ್ಟು ಎಷ್ಟು ಎಂಬುದನ್ನು ಸ್ವಲ್ಪ ವಿವರಿಸಬೇಕು. ಹಬ್ಬಕ್ಕೆ ಎಂಟು ವಾರ ಮೊದಲು ನಮ್ಮ ಜಾಹೀರಾತನ್ನು ಒತ್ತಿ ನೋಡಿ, ಚೀಲ ಇಷ್ಟವಾಗಿ, ಆದರೆ ಉಡುಗೊರೆ ಕೊಳ್ಳುವ ಹೊತ್ತು ಇನ್ನೂ ಬಂದಿಲ್ಲವೆಂದು ಸುಮ್ಮನಾದ ಗ್ರಾಹಕಿಯೊಬ್ಬರು ಮೂರು ವಾರಗಳ ನಂತರ ನೇರವಾಗಿ ನಮಗೆ ಸಂದೇಶ ಕಳಿಸಿ ಆರು ಚೀಲ ಕೊಂಡರೆ, ಆ ಮಾರಾಟ ಜಾಹೀರಾತಿನ ವರದಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಅಂದರೆ ಮುಂಚಿತವಾಗಿ ಹಾಕಿದ ಜಾಹೀರಾತು ಕೆಲಸ ಮಾಡಿದರೂ ವರದಿಯಲ್ಲಿ ಸೋತಂತೆ ಕಾಣುತ್ತದೆ, ಕೊನೆಯ ವಾರದ ಜಾಹೀರಾತು ಇತರರ ಫಲವನ್ನೂ ತಾನೇ ಪಡೆದು ಗೆದ್ದಂತೆ ಕಾಣುತ್ತದೆ. ಇದನ್ನು ತಿಳಿಯದ ನಾನು ಮೊದಲ ಜಾಹೀರಾತನ್ನು, ಶುರು ಮಾಡಿದ ಮೂರನೆಯ ವಾರದಲ್ಲೇ ನಿಲ್ಲಿಸಿದೆ. ಬೇಗ ಶುರು ಮಾಡಿ ಎಂದು ಎರಡನೆಯ ವಾರದಲ್ಲಿ ಹೇಳಿದ ಕೋರ್ಸೇ, ಬೇಗ ಶುರು ಮಾಡಿದ್ದನ್ನು ತನ್ನ ಐದನೆಯ ವಾರದ ಪಾಠದಿಂದ ನಿಲ್ಲಿಸುವ ಹಾಗೆ ಮಾಡಿತು.

ಈ ಗೊಂದಲವನ್ನು ಬಿಡಿಸಿದ್ದು ಫೇಸ್‌ಬುಕ್‌ನ ಒಡೆತನ ಹೊಂದಿರುವ ಮೆಟಾ ಸಂಸ್ಥೆಯೇ ನಡೆಸುವ ಬ್ಲೂಪ್ರಿಂಟ್ ಎಂಬ ಆನ್‌ಲೈನ್ ಪಾಠಮಾಲೆ. 2015ರಲ್ಲಿ ಫೇಸ್‌ಬುಕ್ ಬ್ಲೂಪ್ರಿಂಟ್ ಎಂದು ಆರಂಭವಾದ ಇದರಲ್ಲಿ ಸ್ವಂತವಾಗಿ ಓದಿಕೊಳ್ಳುವ ಪಾಠಗಳು ಉಚಿತ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿದೆ. ಪಾಠಗಳು ಚಿಕ್ಕವು, ಭಾಷೆ ಒಣ, ಉದಾಹರಣೆಗಳಲ್ಲಿ ಬರುವ ಅಂಗಡಿಗಳೆಲ್ಲ ಎಂದೂ ನಷ್ಟ ಕಾಣದಂಥವು. ಜಾಹೀರಾತು ಮಾರುವವರೇ ಜಾಹೀರಾತು ಕಲಿಸುತ್ತಿದ್ದಾರೆ ಎಂಬುದನ್ನು ಓದುಗರು ಮರೆಯಬಾರದು: ಖರ್ಚು ಮಾಡುವುದು ಹೇಗೆಂದು ಅಲ್ಲಿ ಚೆನ್ನಾಗಿ ಹೇಳುತ್ತಾರೆ, ಖರ್ಚು ಮಾಡದಿರುವುದು ಯಾವಾಗ ಎಂಬುದು ನಮ್ಮ ತಲೆಗೇ ಬಿಟ್ಟದ್ದು. ಆದರೂ ಕಲಿಕೆಯ ಹಂತದ ಬಗ್ಗೆ ಅವರು ಬರೆದಿರುವುದನ್ನು ಓದದೆ ಹಬ್ಬದ ಜಾಹೀರಾತಿಗೆ ಹಣ ಕಟ್ಟಬಾರದು ಎಂದೇ ನನ್ನ ಅಭಿಪ್ರಾಯ. ಹೊಸ ಜಾಹೀರಾತು ಯಾರಿಗೆ ತೋರಿಸಿದರೆ ಫಲ ಬರುತ್ತದೆಂದು ಅವರ ವ್ಯವಸ್ಥೆ ಮೊದಲು ಕಲಿಯುತ್ತದೆ. ಆ ಹಂತ ಮುಗಿಯಲು ಒಂದು ಆ್ಯಡ್ ಸೆಟ್‌ಗೆ (ಒಂದೇ ಬಗೆಯ ಗ್ರಾಹಕರಿಗೆಂದು ಒಟ್ಟಿಗೆ ನಡೆಸುವ ಜಾಹೀರಾತುಗಳ ಗುಂಪಿಗೆ) ವಾರದೊಳಗೆ ಸುಮಾರು 50 ಫಲಿತಾಂಶಗಳು ಬೇಕು. ನಾವು ಮಾರಾಟವನ್ನೇ ಫಲಿತಾಂಶವೆಂದು ಆರಿಸಿದರೆ, ಒಂದೇ ಆ್ಯಡ್ ಸೆಟ್‌ನಿಂದ ವಾರಕ್ಕೆ 50 ಆರ್ಡರ್ ಬರಬೇಕು. ಅಷ್ಟು ಆರ್ಡರ್ ಬಂದರೆ ಹೊಲಿಯುವವರು ಯಾರು?

ಇದನ್ನು ಓದಿದ ಮೇಲೆ ಎರಡು ಬದಲಾವಣೆ ಮಾಡಿಕೊಂಡೆ. ಮಾರಾಟದ ಬದಲು ಸಂದೇಶ ಕಳಿಸುವುದನ್ನು ಫಲಿತಾಂಶವೆಂದು ಆರಿಸಿದೆ, ಏಕೆಂದರೆ ಒಂದು ಮಾರಾಟಕ್ಕೆ ಹಲವು ವಿಚಾರಣೆಗಳು ಬರುವುದರಿಂದ ಆ ಸಂಖ್ಯೆ ಬೇಗ ತುಂಬುತ್ತದೆ. ಕೋರ್ಸ್ ಹೇಳಿಕೊಟ್ಟಂತೆ ಐದು ಬಗೆಯ ಗ್ರಾಹಕರಿಗೆ ಐದು ಆ್ಯಡ್ ಸೆಟ್ ಮಾಡುವುದನ್ನು ಬಿಟ್ಟು, ಇದ್ದ ಹಣವನ್ನೆಲ್ಲ ಒಂದರಲ್ಲೇ ಇಟ್ಟೆ. ಮೂರನೆಯ ಎಚ್ಚರವೂ ಇದೆ: ಚಿತ್ರ ಬದಲಿಸಿದರೆ, ಗ್ರಾಹಕರ ಆಯ್ಕೆ ಬದಲಿಸಿದರೆ, 7 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಲ್ಲಿಸಿಟ್ಟು ಮತ್ತೆ ಶುರು ಮಾಡಿದರೆ ಆ ಕಲಿಕೆ ಮೊದಲಿನಿಂದ ಆರಂಭವಾಗುತ್ತದೆ. ಹಬ್ಬ ನಾಲ್ಕು ದಿನವಿದೆ ಎನ್ನುವಾಗ ಗಾಬರಿಯಿಂದ ಚಿತ್ರ ಬದಲಿಸುವ ಚಟ ನನಗಿತ್ತು. ಜಾಹೀರಾತಿನ ಜಾಗ ಹರಾಜಿನಲ್ಲಿ ಹೋಗುವುದರಿಂದ, ಎಲ್ಲರೂ ಒಟ್ಟಿಗೆ ಕೂಗುವ ಆ ದಿನಗಳಲ್ಲೇ ಅದು ತುಟ್ಟಿಯಾಗುವ ಸಂಭವ ಹೆಚ್ಚು. ಆ ಹೊತ್ತಿನಲ್ಲಿ ಕಲಿಕೆಯನ್ನು ಮತ್ತೆ ಶುರು ಮಾಡಿಸುವುದೆಂದರೆ ಜಾತ್ರೆಯ ದಿನ ದಾರಿ ಕೇಳುತ್ತಾ ನಿಂತಂತೆ.

ಇನ್ನಿತರ ಉಚಿತ ಕೋರ್ಸುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಬ್‌ಸ್ಪಾಟ್ ಅಕಾಡೆಮಿಯ ಸೋಷಿಯಲ್ ಮೀಡಿಯಾ ಕೋರ್ಸ್ ಅಚ್ಚುಕಟ್ಟಾಗಿದೆ, ಪ್ರಮಾಣಪತ್ರವೂ ಉಚಿತ. ಆದರೆ ಅದು ಮಾರ್ಕೆಟಿಂಗ್ ವಿಭಾಗವಿರುವ ಕಂಪನಿಯ ನೌಕರರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು, ಇಬ್ಬರೇ ಇರುವ ಮನೆಯನ್ನಲ್ಲ. ಗೂಗಲ್‌ನ ಡಿಜಿಟಲ್ ಮಾರ್ಕೆಟಿಂಗ್ ಮೂಲಪಾಠ 26 ಭಾಗಗಳ, ಸುಮಾರು 40 ಗಂಟೆಗಳ ಓದು. ಏನೂ ಗೊತ್ತಿಲ್ಲದವರಿಗೆ ಒಳ್ಳೆಯ ಅಡಿಪಾಯ, ಹಬ್ಬಕ್ಕೆ ಒಂದು ತಿಂಗಳು ಉಳಿದವರಿಗೆ ಅಲ್ಲ. ಕ್ಯಾನ್ವಾದ ವಿನ್ಯಾಸದ ಪಾಠಗಳಿಂದ ಬಣ್ಣ, ಅಕ್ಷರಗಳ ಬಗ್ಗೆ ನಾನು ಕಲಿತದ್ದುಂಟು. ಅಲ್ಲಿನ ಹಬ್ಬದ ಟೆಂಪ್ಲೇಟುಗಳನ್ನು ಮಾತ್ರ ಈಗ ಮುಟ್ಟುವುದಿಲ್ಲ: ನಾವು ಬಳಸಿದ ಅದೇ ಹೂವಿನ ಚೌಕಟ್ಟನ್ನು ಅದೇ ವಾರ ಬೇರೆ ಮೂರು ಅಂಗಡಿಗಳ ಶುಭಾಶಯದ ಪೋಸ್ಟುಗಳಲ್ಲಿ ಕಂಡೆ. ಅಕ್ಕನ ಹೊಲಿಗೆಯಂತ್ರದ ಪಕ್ಕದಲ್ಲಿ ರಾಶಿ ಬಿದ್ದ ಬಟ್ಟೆಚೂರುಗಳ ಫೋಟೊ ಅದಕ್ಕಿಂತ ಹೆಚ್ಚು ಜನರನ್ನು ನಿಲ್ಲಿಸಿ ನೋಡಿಸಿತು.

ಕೋರ್ಸುಗಳಿಗಿಂತ ಹೆಚ್ಚು ಕಲಿಸಿದ್ದು ಎರಡು ಸಾಧನಗಳು. ಒಂದು, 2006ರಿಂದ ಇರುವ ಗೂಗಲ್ ಟ್ರೆಂಡ್ಸ್. ಜನ ಒಂದು ಪದವನ್ನು ಯಾವಾಗ ಹೆಚ್ಚು ಹುಡುಕುತ್ತಾರೆಂದು 2004ರಿಂದ ಈಚಿನ ಲೆಕ್ಕವನ್ನು ಅದು ಗೆರೆಯಾಗಿ ತೋರಿಸುತ್ತದೆ. ಅಲ್ಲಿ ಕಾಣುವ 0ರಿಂದ 100ರವರೆಗಿನ ಅಂಕಿ ಹುಡುಕಿದವರ ಸಂಖ್ಯೆಯಲ್ಲ. ಆರಿಸಿದ ಅವಧಿಯಲ್ಲಿ ಆಸಕ್ತಿ ತುತ್ತತುದಿಗೆ ಏರಿದ ಹೊತ್ತನ್ನು 100 ಎಂದಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸಿ ಕೊಟ್ಟ ಅಳತೆ. ನಾನು ಮೊದಲು ತುದಿಯನ್ನೇ ನೋಡುತ್ತಿದ್ದೆ. ನೋಡಬೇಕಾದದ್ದು ಗೆರೆ ನೆಲ ಬಿಟ್ಟು ಏಳಲು ಆರಂಭಿಸುವ ಜಾಗವನ್ನು, ಏಕೆಂದರೆ ಜನ ಆಯ್ಕೆಗಳನ್ನು ತೂಗಿ ನೋಡಲು ತೊಡಗುವುದು ಅಲ್ಲಿ. ತುದಿಯ ಹೊತ್ತಿಗೆ ಅವರು ಮನಸ್ಸು ಮಾಡಿ ಆಗಿರುತ್ತದೆ.

ಇಲ್ಲೊಂದು ತೊಡಕಿದೆ, ಅದನ್ನು ನಾನು ನೋಡಿದ ಯಾವ ಕೋರ್ಸೂ ಹೇಳಲಿಲ್ಲ. ಅವರ ಕ್ಯಾಲೆಂಡರಿನಲ್ಲಿ ಹಬ್ಬಗಳೆಲ್ಲ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಆದರೆ ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನಗಳಷ್ಟೇ ಇರುವುದರಿಂದ, ಅದನ್ನು ಅನುಸರಿಸುವ ಹಬ್ಬ ಮರುವರ್ಷ ಸುಮಾರು 11 ದಿನ ಮೊದಲು ಬರುತ್ತದೆ. ಅಧಿಕ ಮಾಸ ಸೇರಿಸಿಕೊಳ್ಳುವ ಪಂಚಾಂಗಗಳಲ್ಲಿ, ನಡುವೆ ಅಧಿಕ ಮಾಸ ಬಂದರೆ ಅದು ಸುಮಾರು 19 ದಿನ ತಡವಾಗಿಯೂ ಬರಬಹುದು. ಕಳೆದ ವರ್ಷ ಇದೇ ತಾರೀಖಿಗೆ ಎಷ್ಟು ಮಾರಾಟವಾಗಿತ್ತು, ಈ ವರ್ಷ ಎಷ್ಟಾಯಿತು ಎಂದು ಹೋಲಿಸಿದರೆ, ಚೆನ್ನಾಗಿ ನಡೆಯುತ್ತಿರುವ ಮಾರಾಟವೂ ಕುಸಿದಂತೆ ಕಾಣಬಹುದು. ನಾನೀಗ ತಾರೀಖುಗಳನ್ನು ಬಿಟ್ಟು, ಹಬ್ಬಕ್ಕೆ ಎಷ್ಟು ದಿನ ಉಳಿದಿದೆ ಎಂಬುದರ ಮೇಲೆಯೇ ಎಲ್ಲವನ್ನೂ ಬರೆದಿಡುತ್ತೇನೆ. ಶಾಲೆ ತೆರೆಯುವ ಕಾಲಕ್ಕೆ ಈ ಕಷ್ಟವಿಲ್ಲ.

ಇನ್ನೊಂದು, ಮೆಟಾದ ಆ್ಯಡ್ ಲೈಬ್ರರಿ. ಸದ್ಯ ಯಾವ ಪುಟ ಯಾವ ಜಾಹೀರಾತು ನಡೆಸುತ್ತಿದೆ, ಯಾವ ದಿನ ಅದನ್ನು ಶುರು ಮಾಡಿತು ಎಂಬುದನ್ನು ಅಲ್ಲಿ ಯಾರು ಬೇಕಾದರೂ ನೋಡಬಹುದು. ಜಾಹೀರಾತು ಗೆದ್ದಿದೆಯೇ ಸೋತಿದೆಯೇ ಎಂದು ಅದು ಹೇಳುವುದಿಲ್ಲ; ಆದರೂ ಲಾಭವಿಲ್ಲದ್ದಕ್ಕೆ ಯಾರೂ ಆರು ವಾರ ಹಣ ಸುರಿಯಲಾರರು ಎಂದು ಊಹಿಸಬಹುದು. ನಮಗಿಂತ ದೊಡ್ಡ ಅಂಗಡಿಗಳು ಹಬ್ಬದ ಜಾಹೀರಾತನ್ನು ಯಾವಾಗ ಆರಂಭಿಸುತ್ತವೆ ಎಂದು ಒಂದು ಕಾಲವಿಡೀ ಬರೆದಿಟ್ಟೆ, ಅವರು ಇಳಿಯುವ ಮೊದಲಿನ ಎರಡು ವಾರ ನಮ್ಮದಾಗಲೆಂದು.

ಫಲವನ್ನು ಅಳೆಯುವ ವಿಷಯದಲ್ಲಿ ನಮ್ಮ ಕೋರ್ಸ್ ಯುಟಿಎಂ ಗುರುತು ಸೇರಿಸಿದ ಲಿಂಕುಗಳನ್ನು ಕಲಿಸಿದ್ದು ಉಪಯೋಗಕ್ಕೆ ಬಂತು. ಯಾವ ಪೋಸ್ಟಿನಿಂದ ಎಷ್ಟು ಜನ ಬಂದರೆಂದು ಅದರಿಂದ ತಿಳಿಯುತ್ತದೆ, ಸಂದೇಶದ ಮೂಲಕ ಬಂದವರದ್ದು ಮಾತ್ರ ತಿಳಿಯುವುದಿಲ್ಲ. ಅವರನ್ನು ಅಕ್ಕ ನೇರವಾಗಿಯೇ ಕೇಳುತ್ತಾಳೆ, "ನಮ್ಮನ್ನು ಎಲ್ಲಿ ನೋಡಿದಿರಿ?" ಎಂದು, ಕೇಳಿದ್ದನ್ನು ಆರ್ಡರ್ ಪುಸ್ತಕದ ಅಂಚಿನಲ್ಲಿ ಬರೆದಿಡುತ್ತಾಳೆ. ಮೇಲೆ ಹೇಳಿದ ಏಳು ದಿನಗಳ ಲೆಕ್ಕ ಸುಳ್ಳಾದದ್ದು ಆ ಅಂಚಿನಲ್ಲೇ: "ಎರಡು ತಿಂಗಳ ಹಿಂದೆ ಫೋನಿನಲ್ಲಿ ನೋಡಿ ಫೋಟೊ ಇಟ್ಟುಕೊಂಡಿದ್ದೆ" ಎಂಬ ಮಾತು ಬೇರೆಬೇರೆ ರೂಪದಲ್ಲಿ ಹಲವು ಕಡೆ ಇತ್ತು. ಹಳೆಯ ಗ್ರಾಹಕರನ್ನು ಮರಳಿ ಕರೆಯುವ ಬಗ್ಗೆ ಕೋರ್ಸಿನಲ್ಲಿ ಒಂದೇ ಪುಟವಿತ್ತು, ಅದು ಅನ್ಯಾಯ. ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರನ್ನು ಸೇರಿಸಬಹುದು, ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಆದ್ದರಿಂದ ಚೀಲದ ಜೊತೆ ಕಳಿಸುವ ಚೀಟಿಯಲ್ಲಿ ಸಂಖ್ಯೆ ಉಳಿಸಿಕೊಳ್ಳಿರೆಂದು ಒಂದು ಸಾಲು ಬರೆಯುತ್ತೇವೆ. ಕೊಂಡವರು ಮತ್ತೆ ಬರುವುದಕ್ಕೆ ನಮಗೆ ತಗಲುವ ಖರ್ಚು ಆ ಒಂದು ಸಾಲಿನ ಶಾಯಿ.

ಯಾರಿಗೆ ಯಾವುದು ಎಂದು ಕೇಳಿದರೆ, ಮೊದಲ ಬಾರಿ ಹಬ್ಬದ ಕಾಲಕ್ಕೆ ತಯಾರಾಗುವವರು ಹಿಂದಕ್ಕೆ ಎಣಿಸುವ ಲೆಕ್ಕವನ್ನು ತಾವೇ ಒಂದು ಸಂಜೆ ಕೂತು ಮಾಡಿಕೊಂಡು, ಬ್ಲೂಪ್ರಿಂಟ್‌ನಲ್ಲಿ ಕಲಿಕೆಯ ಹಂತ ಮತ್ತು ಹರಾಜಿನ ಪಾಠಗಳನ್ನಷ್ಟೇ ಓದಿದರೆ ಸಾಕು. ಹಣ ಕೊಟ್ಟು ಕಲಿಯುವುದಾದರೆ ಪಾಠವನ್ನು ಕಡೆಯದಾಗಿ ತಿದ್ದಿದ ದಿನ ಯಾವುದೆಂದು ಮೊದಲೇ ಕೇಳಿ. ಉತ್ತರ ಹಾರಿಕೆಯದಾದರೆ ಹಣವನ್ನು ಜಾಹೀರಾತಿಗೇ ಉಳಿಸಿಕೊಳ್ಳಿ. ಕೋರ್ಸಿನಲ್ಲಿ ಹಬ್ಬದ ನಂತರದ ವಾರಗಳ ಬಗ್ಗೆ ಒಂದು ಪಾಠವಿದೆಯೇ ಎಂದೂ ನೋಡಿ. ನಮ್ಮದರಲ್ಲಿ ಇರಲಿಲ್ಲ, ಉಳಿದ ನಲವತ್ತು ಚೀಲಗಳನ್ನು ಏನು ಮಾಡಬೇಕೆಂದು ನಾವೇ ಕಂಡುಕೊಳ್ಳಬೇಕಾಯಿತು.

ಕಂಡ ತಪ್ಪುಗಳನ್ನು ಪಟ್ಟಿಮಾಡಿ ಕೋರ್ಸಿನವರಿಗೆ ಬರೆದಿದ್ದೆ. ಅವರು ವಿನಯದಿಂದ ಉತ್ತರಿಸಿ ಜಿಎ4ರ ಹೊಸ ಪಾಠವನ್ನು ಒಂದು ತಿಂಗಳೊಳಗೆ ಸೇರಿಸಿದರು. 28 ದಿನಗಳ ಲೆಕ್ಕವನ್ನು ತಿದ್ದಿದ್ದಾರೆ. ಶೇಕಡಾ 20ರ ಪಾಠ ಮಾತ್ರ, ಹೋದ ವಾರ ನೋಡಿದಾಗಲೂ, ಹಾಗೆಯೇ ಇತ್ತು.