ಫೋಟೋ ನೋಡಿ ಡ್ರೈವರ್ ತಗೋಬೇಡಿ: ನನ್ನ 14,500 ರೂಪಾಯಿ ನೀರಿಗೆ ಹೋದ ಕಥೆ

ಮೊದಲೇ ಹೇಳಿಬಿಡುತ್ತೇನೆ, ಇದು ಕಾರು ಓಡಿಸುವ ಡ್ರೈವರ್ ಸುದ್ದಿ ಅಲ್ಲ. ಗಾಲ್ಫ್‌ನಲ್ಲಿ ದೂರ ಹೊಡೆಯಲು ಬಳಸುವ ದೊಡ್ಡ ತಲೆಯ ಕೋಲಿನ ಸುದ್ದಿ. ಕಾರವಾರದಲ್ಲಿ ಕೂತು ಗಾಲ್ಫ್ ಅಂದರೆ ನಗುವವರೇ ಜಾಸ್ತಿ. ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಹತ್ತಿದ ಚಟ, ಊರಿಗೆ ಬಂದ ಮೇಲೂ ಬಿಟ್ಟಿಲ್ಲ. ಮನೆ ಹಿಂದೆ ಮಾಡಿನ ಕೆಳಗೆ ಹಳೇ ಮೀನುಬಲೆಯನ್ನು ಎರಡು ಪದರ ಮಾಡಿ ಕಟ್ಟಿಕೊಂಡಿದ್ದೇನೆ. ಭತ್ತದ ಕೊಯ್ಲು ಮುಗಿದರೆ ಚೆಂಡಿಯಾದಲ್ಲಿ ಮಾವನ ಗದ್ದೆ ಇದೆ. ಊರಿನ ಹೆಸರಲ್ಲೇ ಚೆಂಡಿದೆ, ಇನ್ನೇನು ಬೇಕು.

ಕಳೆದ ಮೇ ತಿಂಗಳಲ್ಲಿ ಮೊಬೈಲ್‌ನಲ್ಲಿ ಒಂದು ಜಾಹೀರಾತು ಕಂಡಿತು. ಹೆಸರಾಂತ ಕಂಪನಿಯ ಡ್ರೈವರ್, ನಾಲ್ಕೇ ಸಲ ಬಳಸಿದ್ದು, ಟೈಟಾನಿಯಂ ಫೇಸ್ (ಚೆಂಡಿಗೆ ತಾಗುವ ಮುಂಭಾಗ), ಕಾರ್ಬನ್ ಮೇಲ್ಭಾಗ, ಹಿಂದೆ ಟಂಗ್‌ಸ್ಟನ್ ತೂಕ. ಹೊಸದಕ್ಕೆ ಇದರ ಮೂರು ಪಟ್ಟಿಗಿಂತ ಹೆಚ್ಚು ಬೆಲೆ. ಮಾರುವವನು ಮಾತಲ್ಲಿ ಭಾರೀ ನಯ. "ಸರ್, ನನಗೆ ಬೆನ್ನು ನೋವು, ಆಟ ಬಿಟ್ಟೆ" ಅಂದ. ಪಾಪ ಅನ್ನಿಸಿ ಚೌಕಾಸಿ ಕೂಡ ಮಾಡಲಿಲ್ಲ. ಪೂರ್ತಿ ದುಡ್ಡು ಯುಪಿಐನಲ್ಲಿ ಹಾಕಿದೆ. ಐದು ದಿನಕ್ಕೆ ಪಾರ್ಸೆಲ್ ಬಂತು. ನೋಡಲು ಫಳಫಳ.

ನನ್ನ ದೊಡ್ಡ ತಪ್ಪು ಅಲ್ಲೇ ಆಯಿತು. ಜೂನ್‌ನಿಂದ ಮಳೆ. ನಾಲ್ಕೈದು ತಿಂಗಳು ಬರೀ ಬಲೆಗೆ ಹೊಡೆದೆ. ಬಲೆಗೆ ಹೊಡೆದರೆ ಚೆಂಡು ಹತ್ತಡಿ ಹೋಗಿ ಬೀಳುತ್ತದೆ. ಅದು ನೆಟ್ಟಗೆ ಹೋಗುತ್ತಿತ್ತೋ, ಮನೆ ದಾರಿ ಹಿಡಿಯುತ್ತಿತ್ತೋ ಯಾರಿಗೆ ಗೊತ್ತು? ಸದ್ದು ಮಾತ್ರ ಬೇರೆ ಇತ್ತು. ಟಣ್ ಅನ್ನುವ ಬದಲು ದಬ್ ಅನ್ನುತ್ತಿತ್ತು. ಬಲೆಯಿಂದ ಹೀಗಿರಬೇಕು ಅಂದುಕೊಂಡೆ.

ಡಿಸೆಂಬರ್‌ನಲ್ಲಿ ಗದ್ದೆಗೆ ಹೋದಾಗ ಬಣ್ಣ ಬಯಲಾಯಿತು. ಚೆಂಡು ತಗ್ಗಾಗಿ ಹೊರಟು, ನಡುವೆ ಗಾಳಿಪಟದ ಹಾಗೆ ಮೇಲೆದ್ದು, ಬಲಕ್ಕೆ ತಿರುಗಿ, ಸತ್ತು ಬೀಳುತ್ತಿತ್ತು. ನನ್ನ ಹಳೇ ಡ್ರೈವರ್‌ಗಿಂತ ಮೂವತ್ತು ಹೆಜ್ಜೆ ಹಿಂದೆ. ನನ್ನ ಕೈಯದ್ದೇ ದೋಷ ಅಂತ ಎರಡು ವಾರ ಒದ್ದಾಡಿದೆ.

ಆಮೇಲೆ ಬುದ್ಧಿವಂತಿಕೆ ಮಾಡಲು ಹೋದೆ. ಹೆಡ್‌ಗೆ, ಅಂದರೆ ಕೋಲಿನ ತಲೆಗೆ, ಸೀಸ ಅಂಟಿಸಿದರೆ ಸ್ಲೈಸ್, ಅಂದರೆ ಚೆಂಡು ಬಲಕ್ಕೆ ಬಾಗುವುದು, ಸರಿಯಾಗುತ್ತದೆ ಅಂತ ಎಲ್ಲೋ ಕೇಳಿದ್ದೆ. ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡು ನಮ್ಮಲ್ಲಿ ಯಾರ ಮನೆಯಲ್ಲಿ ಇಲ್ಲ? ಒಂದನ್ನು ಒನಕೆಯಿಂದ ಜಜ್ಜಿ ತಟ್ಟಿ, ಹೆಡ್‌ನ ತುದಿ ಕಡೆ, ಶಾಫ್ಟ್‌ನಿಂದ (ಕೋಲಿನ ಉದ್ದನೆಯ ದಂಡದಿಂದ) ದೂರದ ಬದಿಗೆ, ಟೇಪ್ ಸುತ್ತಿ ಕೂರಿಸಿದೆ. ಸ್ಲೈಸ್ ಇನ್ನೂ ಜಾಸ್ತಿ ಆಯಿತು. ಆಮೇಲೆ ತಿಳಿದದ್ದು, ತುದಿಯಲ್ಲಿ ಭಾರ ಹೆಚ್ಚಾದರೆ ಹೆಡ್ ನಿಧಾನಕ್ಕೆ ತಿರುಗುತ್ತದೆ, ಚೆಂಡು ತಾಗುವ ಹೊತ್ತಿಗೆ ಫೇಸ್ ಬಲಕ್ಕೆ ತೆರೆದೇ ಇರುತ್ತದೆ. ಬಲಗೈ ಆಟಗಾರ ಸ್ಲೈಸ್ ಕಡಿಮೆ ಮಾಡಬೇಕೆಂದರೆ ಭಾರ ಶಾಫ್ಟ್‌ನ ಕಡೆ, ಹೀಲ್‌ನಲ್ಲಿ ಇರಬೇಕು. ಸೀಸ ಕಿತ್ತು ಆ ಕಡೆ ಹಾಕಿದೆ. ಸ್ವಲ್ಪ ಕಡಿಮೆಯಾಯಿತು. ಆದರೆ ಸತ್ತು ಬೀಳುವುದು ನಿಲ್ಲಲಿಲ್ಲ.

ಟೇಪ್ ಕಿತ್ತಾಗ ಅದರ ಜೊತೆ 'ಕಾರ್ಬನ್' ಕೂಡ ಎದ್ದು ಬಂತು! ನೇಯ್ದ ಹಾಗೆ ಕಾಣುತ್ತಿದ್ದದ್ದು ಸ್ಟಿಕ್ಕರ್. ಕೆಳಗೆ ಬಣ್ಣ, ಬಣ್ಣದ ಕೆಳಗೆ ಕಂದು ಚುಕ್ಕೆಗಳು. ಟೈಟಾನಿಯಂಗೆ ನಮ್ಮ ಉಪ್ಪುಗಾಳಿಯಲ್ಲೂ ತುಕ್ಕು ಹಿಡಿಯುವುದಿಲ್ಲ. ಫ್ರಿಜ್ ಮೇಲಿನ ಅಯಸ್ಕಾಂತ ತಂದು ಫೇಸ್‌ಗೆ ಹಿಡಿದೆ. ಟಕ್ ಅಂತ ಅಂಟಿಕೊಂಡಿತು. ಟೈಟಾನಿಯಂಗೆ ಅಯಸ್ಕಾಂತ ಹಿಡಿಯಲ್ಲ. ನನ್ನ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು.

ಹೆಡ್ ಬಿಚ್ಚಿಕೊಂಡು ಪೇಟೆಯಲ್ಲಿ ಬಂಗಾರದ ಅಂಗಡಿ ಇಟ್ಟಿರುವ ಗೆಳೆಯನ ಹತ್ತಿರ ಹೋದೆ. "ಏನು ಮಾರಾಯ, ಇದನ್ನ ಅಡ ಇಡ್ಲಿಕ್ಕೆ ತಂದ್ಯಾ?" ಅಂದ. ತಕ್ಕಡಿಗೆ ಇಟ್ಟೆವು. 221 ಗ್ರಾಂ. ಸಾಮಾನ್ಯವಾಗಿ ಡ್ರೈವರ್ ಹೆಡ್ 200 ಗ್ರಾಂ ಆಸುಪಾಸು ಇರುತ್ತದೆ. ಹಿಂದಿನ 'ಟಂಗ್‌ಸ್ಟನ್' ಬಿಲ್ಲೆ ಬಿಚ್ಚಿ ಇಟ್ಟರೆ ಬರೀ 3 ಗ್ರಾಂ. ಅವನು ಅರದಲ್ಲಿ ಒಂದು ಗೀರು ಎಳೆದು "ಅಲ್ಯೂಮಿನಿಯಂ" ಅಂದ. ಟಂಗ್‌ಸ್ಟನ್ ಅಲ್ಯೂಮಿನಿಯಂಗಿಂತ ಏಳು ಪಟ್ಟು ಭಾರ. ಅದೇ ಗಾತ್ರದ ನಿಜವಾದ ಬಿಲ್ಲೆ 20 ಗ್ರಾಂ ದಾಟಬೇಕಿತ್ತು.

ಈಗ ಚೆಂಡು ಯಾಕೆ ಸತ್ತು ಬೀಳುತ್ತಿತ್ತು ಅಂತ ಅರ್ಥವಾಯಿತು. ಉಕ್ಕು ಟೈಟಾನಿಯಂಗಿಂತ ಸುಮಾರು ಮುಕ್ಕಾಲು ಪಾಲು ಹೆಚ್ಚು ಭಾರ. ನಿಯಮದ ಪ್ರಕಾರ ಹೆಡ್‌ನ ಗಾತ್ರ 460 ಘನ ಸೆಂಟಿಮೀಟರ್‌ವರೆಗೆ ಇರಬಹುದು. ಅಷ್ಟು ದೊಡ್ಡ ಪೊಳ್ಳು ಹೆಡ್ಡನ್ನು 200 ಗ್ರಾಂನಲ್ಲಿ ಮುಗಿಸಬೇಕೆಂದರೆ ಗೋಡೆ ತೀರಾ ತೆಳುವಾಗಿರಬೇಕು. ಟೈಟಾನಿಯಂ ಹಗುರವೂ ಗಟ್ಟಿಯೂ ಆದ್ದರಿಂದ ಅದು ಆಗುತ್ತದೆ. ಮೇಲ್ಭಾಗಕ್ಕೆ ಕಾರ್ಬನ್ ಹಾಕುವುದು ಅಲಂಕಾರಕ್ಕಲ್ಲ. ಮೇಲಿನ ಭಾರ ಕಡಿಮೆ ಮಾಡಿ, ಅಲ್ಲಿ ಉಳಿತಾಯವಾದ ಗ್ರಾಂಗಳನ್ನು ಕೆಳಗೆ ಮತ್ತು ಹಿಂದೆ ಇಡಲಿಕ್ಕೆ. ಭಾರದ ಕೇಂದ್ರ ಕೆಳಗೆ ಹೋದರೆ ಚೆಂಡು ಎತ್ತರಕ್ಕೆ ಹೊರಡುತ್ತದೆ. ಹಿಂದೆ ಹೋದರೆ, ಫೇಸ್‌ನ ನಡುವೆ ತಾಗದಿದ್ದರೂ ಹೆಡ್ ಸುಲಭಕ್ಕೆ ತಿರುಚಿಕೊಳ್ಳಲ್ಲ.

ನನ್ನದರಲ್ಲಿ ಎಲ್ಲಾ ಉಲ್ಟಾ. ಮೇಲೂ ಉಕ್ಕು, ಎದುರಿಗೂ ದಪ್ಪ ಉಕ್ಕು, ಹಿಂದೆ ಖಾಲಿ. ಭಾರದ ಕೇಂದ್ರ ಮೇಲೆ ಕೂತಿತ್ತು. ಚೆಂಡು ಅದಕ್ಕಿಂತ ಕೆಳಗೆ ತಾಗಿದರೆ ಹಿಮ್ಮುಖ ಸುತ್ತು ಜಾಸ್ತಿ, ಅದಕ್ಕೇ ಆ ಗಾಳಿಪಟ. ದಪ್ಪ ಫೇಸ್ ಬಗ್ಗಿ ಚಿಮ್ಮುವುದೂ ಇಲ್ಲ. ಚೆಂಡು ಫೇಸ್ ಮೇಲೆ ಇರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು. ಅಷ್ಟರಲ್ಲಿ ಆಗಬೇಕಾದ ಚಿಮ್ಮು ಇಲ್ಲದಿದ್ದರೆ ದಬ್ ಅನ್ನದೆ ಇನ್ನೇನು ಅನ್ನುತ್ತದೆ?

ಹಾಗಂತ ಉಕ್ಕಿನ ಡ್ರೈವರ್ ಎಲ್ಲಾ ಮೋಸ ಅಂತಲ್ಲ. 1991ರಲ್ಲಿ ಹೆಸರು ಮಾಡಿದ ಕ್ಯಾಲವೇ ಕಂಪನಿಯ ಬಿಗ್ ಬರ್ತಾ ಉಕ್ಕಿನದ್ದೇ. ಆದರೆ ಅದರ ಹೆಡ್ ಈಗಿನವುಗಳ ಅರ್ಧದಷ್ಟೂ ಇರಲಿಲ್ಲ. ದೊಡ್ಡ ಹೆಡ್, ಟೈಟಾನಿಯಂ ಅನ್ನುವ ಮಾತು, ಫೇಸ್‌ಗೆ ಅಂಟುವ ಅಯಸ್ಕಾಂತ, ಈ ಮೂರೂ ಒಟ್ಟಿಗೆ ಇದ್ದರೆ ಎದ್ದು ಬನ್ನಿ. ಸ್ಕ್ರೂ, ತೂಕದ ಬಿಲ್ಲೆಗೆ ಅಂಟಿದರೆ ತಲೆ ಕೆಡಿಸಿಕೊಳ್ಳಬೇಡಿ, ಫೇಸ್ ನೋಡಿ. ಅಂಟದಿದ್ದರೂ ಪೂರ್ತಿ ನಂಬಬೇಡಿ, ಅಲ್ಯೂಮಿನಿಯಂಗೂ ಅಂಟಲ್ಲ. ತಕ್ಕಡಿ ಬೇಕೇ ಬೇಕು. ಬಂದ ದಿನವೇ ಬಯಲಲ್ಲಿ ಹತ್ತು ಚೆಂಡು ಹೊಡೆಯಿರಿ. ಮಳೆ ಇದ್ದರೆ ಮಳೆ ಬಿಟ್ಟ ಮೇಲೆ ಕೊಳ್ಳಿರಿ.

ಮಾರಿದವನ ಫೋನ್ ಸ್ವಿಚ್ ಆಫ್. ಸೈಬರ್ ವಂಚನೆಯ 1930ಕ್ಕೆ ದೂರು ಕೊಟ್ಟಿದ್ದೇನೆ. ದುಡ್ಡು ಹಾಕಿದ ಕೂಡಲೇ ಹೇಳಿದ್ದರೆ ತಡೆಯಬಹುದಿತ್ತು, ಈಗ ಏಳು ತಿಂಗಳು ದಾಟಿದೆ ಅಂದರು. ಸರಿಯೇ.

ನಿನ್ನೆ ರಾತ್ರಿ ಅದೇ ಜಾಹೀರಾತು ಮತ್ತೆ ಬಂದಿದೆ. ಬೇರೆ ಹೆಸರು, ಅದೇ ಫೋಟೋ. ಮೊಸಾಯಿಕ್ ನೆಲ, ಮೂಲೆಯಲ್ಲಿ ಕೆಂಪು ಬಕೆಟ್, ಗೋಡೆಗೆ ಒರಗಿಸಿಟ್ಟ ಡ್ರೈವರ್. ಈ ಸಲ ಅವನಿಗೆ ಮೊಣಕಾಲು ನೋವಂತೆ. ಬೆಲೆ 13,000.